ಬಿರುಗಾಳಿ ಮಳೆ, ಕರೆಂಟಿಲ್ಲದ ರಾತ್ರಿ: ಮಂಡ್ಯ–ಮೈಸೂರು ಕಡೆಯ ಹಳ್ಳಿಮನೆಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟುತ್ತದೆ, ಕೊನೇ ವಾರಕ್ಕೆ ಭರಣಿ. ಮಧ್ಯಾಹ್ನದವರೆಗೆ ಸುಡು ಬಿಸಿಲು. ನಾಲ್ಕು ಗಂಟೆ ಹೊತ್ತಿಗೆ ಮೋಡ ಕಟ್ಟಿ, ಮಳೆಗಿಂತ ಮುಂಚೆ ಗಾಳಿ ಬರುತ್ತದೆ. ಆ ಗಾಳಿಗೇ ಅರ್ಧ ಊರಿನ ಕರೆಂಟ್ ಹೋಗಿರುತ್ತದೆ. ಮಳೆ ಅರ್ಧ ಗಂಟೆಗೆ ನಿಂತರೂ ಕರೆಂಟ್ ಬರುವುದು ಮಾರನೇ ದಿನ, ಕೆಲವೊಮ್ಮೆ ಮೂರನೇ ದಿನ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ನೆಲ ನಮ್ಮದು. ಆದರೂ ಮಳವಳ್ಳಿ ಪಕ್ಕದ ಹಳ್ಳಿಯಲ್ಲೇ ಬುಡ್ಡಿ ದೀಪ ಹುಡುಕುವ ರಾತ್ರಿಗಳಿವೆ. ಕಾರಣ ದೊಡ್ಡದೇನಲ್ಲ. ಸಬ್ ಸ್ಟೇಷನ್‌ನಿಂದ ಹೊರಟ 11 ಕೆವಿ (11 ಸಾವಿರ ವೋಲ್ಟ್) ಲೈನು ತೆಂಗಿನ ತೋಟ, ಕಬ್ಬಿನ ಗದ್ದೆ, ಕೆರೆ ಏರಿ ಎಲ್ಲ ದಾಟಿ ಊರಿಗೆ ಬರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ತೆಂಗಿನ ಗರಿ ಬಿದ್ದರೆ ಸಾಕು, ಫೀಡರ್ ಟ್ರಿಪ್, ಅಂದರೆ ಆ ಇಡೀ ಲೈನು ತಾನಾಗಿ ಆಫ್. ಆ ಗರಿ ಎಲ್ಲಿ ಬಿದ್ದಿದೆ ಎಂದು ಲೈನ್‌ಮ್ಯಾನ್ ಕತ್ತಲಲ್ಲಿ, ಕೆಸರಲ್ಲಿ ನಡೆದು ಹುಡುಕಬೇಕು.

ಕರೆಂಟ್ ಹೋಗುವುದು ತೊಂದರೆ, ನಿಜ. ಆದರೆ ಜೀವ ಹೋಗುವುದು ಹೆಚ್ಚಾಗಿ ಅದರ ಅಕ್ಕಪಕ್ಕದ ಹೊತ್ತಿನಲ್ಲಿ: ಮಳೆಗೆ ಮುಂಚೆ ಮರದ ಕೆಳಗೆ ನಿಂತಾಗ, ಮಳೆ ನಿಂತ ಮೇಲೆ ತಂತಿ ಎತ್ತಿಡಲು ಹೋದಾಗ, 'ಕರೆಂಟ್ ಇಲ್ವಲ್ಲ' ಅಂದುಕೊಂಡು ಸ್ಟಾರ್ಟರ್ ಬಿಚ್ಚಿದಾಗ. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಹಂತ 1: ಯುಗಾದಿ ಮುಗಿಯುವುದರೊಳಗೆ ಮನೆ ಸುತ್ತ ಒಂದು ಸುತ್ತು

ಮೊದಲು ತಲೆ ಎತ್ತಿ ನೋಡಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಮರದ ಕೊಂಬೆಗೆ ಉಜ್ಜುತ್ತಿದೆಯಾ? ಶೀಟಿನ ಅಂಚಿಗೆ ತಾಗಿದೆಯಾ? ವೈರಿನ ಮೇಲಿನ ರಬ್ಬರು ಹೋಗಿ ಒಳಗಿನ ತಂತಿ ಶೀಟಿಗೆ ಮುಟ್ಟಿದರೆ ಇಡೀ ಚಾವಣಿಯೇ ಶಾಕ್ ಹೊಡೆಯುತ್ತದೆ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ಸರ್ವಿಸ್ ವೈರ್ ಹತ್ತಿರ ಕಟ್ಟಿದ್ದರೆ ಇವತ್ತೇ ಬಿಚ್ಚಿ, ಹಗ್ಗ ಕಟ್ಟಿ. ಕರೆಂಟ್ ಕಂಬಕ್ಕೂ ಅದನ್ನು ನೆಲಕ್ಕೆ ಎಳೆದು ಕಟ್ಟಿರುವ ಗೈ ವೈರಿಗೂ ಹಸು ಕಟ್ಟುವ ಅಭ್ಯಾಸ ಇನ್ನೂ ಹೋಗಿಲ್ಲ. ಕಂಬದ ಮೇಲಿನ ಇನ್ಸುಲೇಟರ್ ಒಡೆದರೆ ಆ ಗೈ ವೈರಿನಲ್ಲೇ ಕರೆಂಟ್ ಇಳಿಯುತ್ತದೆ.

ಲೈನಿಗೆ ತಾಗುವ ತೆಂಗಿನ ಗರಿ, ಹೊಂಗೆ ಕೊಂಬೆಯನ್ನು ನೀವೇ ಕಡಿಯಬೇಡಿ. ಉದ್ದ ಕೋಲಿಗೆ ಕುಡುಗೋಲು ಕಟ್ಟಿ ಗರಿ ಎಳೆಯುವಾಗ ಅದು 11 ಕೆವಿ ಲೈನಿನ ಮೇಲೆ ಬೀಳುತ್ತದೆ, ಹಸಿ ಗರಿಯಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಶಾಖಾ ಕಚೇರಿಗೆ ಹೇಳಿದರೆ ಎಲ್‌ಸಿ ತೆಗೆದುಕೊಂಡು, ಅಂದರೆ ಲೈನ್ ಆಫ್ ಮಾಡಿಸಿ, ಕಡಿಯುತ್ತಾರೆ. ಒಬ್ಬರು ಫೋನ್ ಮಾಡಿದರೆ ತಡವಾಗುತ್ತದೆ. ಬೀದಿಯವರೆಲ್ಲ ಸೇರಿ ಪಂಚಾಯಿತಿ ಸದಸ್ಯರ ಸಹಿ ಹಾಕಿಸಿ ಅರ್ಜಿ ಕೊಟ್ಟರೆ ಬೇಗ ಆಗುತ್ತದೆ. ಮಾರ್ಚ್‌ನಲ್ಲೇ ಕೊಡಿ. ಮೇ ತಿಂಗಳಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಆಮೇಲೆ ಮನೆಯೊಳಗೆ. ಇಲ್ಲಿ ಎರಡು ಕೆಲಸ ಮುಖ್ಯ.

ಒಂದು, ಅರ್ತಿಂಗ್. ಹಳೇ ಮನೆಗಳಲ್ಲಿ ಅರ್ತಿಂಗ್ ವೈರ್ ಗೋಡೆಯವರೆಗೆ ಬಂದು ಅಲ್ಲೇ ತುಂಡಾಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ.

ಎರಡು, ಮೀಟರ್ ಆದ ಮೇಲೆ ಒಂದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುವುದು ಇದನ್ನೇ. '30 ಮಿಲಿ ಆಂಪಿಯರ್' ಎಂದು ಬರೆದಿರುವುದನ್ನೇ ತನ್ನಿ. 'ನಮ್ಮನೇಲಿ ಎಂಸಿಬಿ ಇದೆ, ಅದೇ ಸಾಕು' ಅನ್ನುವವರು ಬಹಳ ಜನ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಒದ್ದೆ ಗೋಡೆ ಮುಟ್ಟಿ ಶಾಕ್ ಹೊಡೆದಾಗ ಕ್ಷಣದಲ್ಲಿ ಕರೆಂಟ್ ಕತ್ತರಿಸುವುದು ಆರ್‌ಸಿಸಿಬಿ ಮಾತ್ರ. ಮನೆಗೆ ಹೊಸ ಟಿವಿ ತರುವ ಮುಂಚೆ ಇದನ್ನು ಹಾಕಿಸಿ ಎಂದೇ ನಾನು ಹೇಳುತ್ತೇನೆ.

ಶೀಟಿನ ಕೊಟ್ಟಿಗೆ ಇದ್ದರೆ ಜೆ-ಹುಕ್ ನಟ್ಟುಗಳನ್ನು ಬಿಗಿ ಮಾಡಿಸಿ. ಶೀಟಿನ ಮೇಲೆ ಬರೀ ಕಲ್ಲು ಹೇರುವುದು ಒಳ್ಳೇದಲ್ಲ, ಗಾಳಿಗೆ ಆ ಕಲ್ಲೇ ಕೆಳಗಿರುವವರ ಮೇಲೆ ಬೀಳುತ್ತದೆ. ಮರಳು ಮೂಟೆಯನ್ನು ಹಗ್ಗದಲ್ಲಿ ಕಟ್ಟಿ ಇಳಿಬಿಡಿ. ಹುಲ್ಲಿನ ಮೆದೆಯನ್ನು ಲೈನಿನ ಕೆಳಗೆ ಹಾಕಬೇಡಿ.

ಹಂತ 2: ಬೆಳಕು, ಫೋನು, ರೇಡಿಯೋ

ಇನ್ವರ್ಟರ್ ಕೊಳ್ಳುವವರು ಅಂಗಡಿಯವರ ಮಾತಿಗಿಂತ ಸ್ವಲ್ಪ ಲೆಕ್ಕ ನೋಡಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಶಕ್ತಿ ಇದೆ. ಕೈಗೆ ಸಿಗುವುದು 1,400ರ ಆಸುಪಾಸು. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು 36 ವ್ಯಾಟ್, ಸಾಧಾರಣ ಫ್ಯಾನ್ ಎರಡು 150 ವ್ಯಾಟ್. ಒಟ್ಟು 186. ಅಲ್ಲಿಗೆ ಏಳು ಗಂಟೆ ಚಿಲ್ಲರೆ. ಅದೇ ಎರಡು ಫ್ಯಾನನ್ನು ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿಗೆ ಬದಲಿಸಿದರೆ, ಒಂದಕ್ಕೆ 30 ವ್ಯಾಟ್ ಆದ್ದರಿಂದ, ಹದಿನಾಲ್ಕು ಗಂಟೆ. ದೊಡ್ಡ ಬ್ಯಾಟರಿಗೆ ದುಡ್ಡು ಹಾಕುವುದಕ್ಕಿಂತ ಫ್ಯಾನು ಬದಲಿಸುವುದು ಬುದ್ಧಿವಂತಿಕೆ. ಮೂರ್ನಾಲ್ಕು ವರ್ಷ ಹಳೇ ಬ್ಯಾಟರಿಯಾದರೆ ಈ ಲೆಕ್ಕವನ್ನು ಅರ್ಧ ಮಾಡಿಕೊಳ್ಳಿ. ಡಿಸ್ಟಿಲ್ಡ್ ವಾಟರ್ ಮಟ್ಟ ಯುಗಾದಿಗೆ ಒಮ್ಮೆ, ದಸರಾಕ್ಕೆ ಒಮ್ಮೆಯಾದರೂ ನೋಡಿ.

ಜನರೇಟರ್ ಇದ್ದವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಕೊಂಡು ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಡುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಟಿಸಿಯಲ್ಲಿ (ಊರಿನ ಟ್ರಾನ್ಸ್‌ಫಾರ್ಮರ್) ಉಲ್ಟಾ ಹರಿದು 11 ಕೆವಿ ಲೈನಿಗೂ ಏರಬಹುದು. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಅಲ್ಲೇ ಸಾಯುತ್ತಾನೆ. ಕಂಬದ ಲೈನು, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆ ವೈರಿಂಗಿಗೆ ಕೊಡಲೇಬೇಡಿ. ಅದನ್ನು ಮನೆಯೊಳಗೆ, ಜಗುಲಿಯಲ್ಲಿ, ಕಿಟಕಿ ಪಕ್ಕ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಫೋನಿನ ವಿಷಯ. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆ ಮಾತ್ರ ಬರುತ್ತದೆ. ಆದ್ದರಿಂದ ದೂರು ಕೊಡುವುದು, ಮಕ್ಕಳಿಗೆ ಹೇಳುವುದು ಮೊದಲ ಗಂಟೆಯಲ್ಲೇ ಮುಗಿಸಿ. ಮನೆಯಲ್ಲಿ ಮೂರು ಫೋನಿದ್ದರೆ ಒಂದನ್ನು ಪೂರ್ತಿ ಆಫ್ ಮಾಡಿ ಎತ್ತಿಡಿ. ಸಿಗ್ನಲ್ ಕಡಿಮೆ ಇದ್ದಾಗ ಕಾಲ್ ಹೋಗದಿದ್ದರೂ ಎಸ್‌ಎಂಎಸ್ ಹೋಗಬಹುದು. ಕಾರು ಅಥವಾ ಟ್ರ್ಯಾಕ್ಟರಿನ 12 ವೋಲ್ಟ್ ಸಾಕೆಟ್ಟಿನಿಂದ ಚಾರ್ಜ್ ಮಾಡಿಕೊಳ್ಳಬಹುದು, ಇಂಜಿನ್ ಚಾಲೂ ಇರಲಿ.

ಸೆಲ್ ಹಾಕುವ ಒಂದು ಸಣ್ಣ ರೇಡಿಯೋ ಇಟ್ಟುಕೊಳ್ಳಿ. ಮೈಸೂರು ಆಕಾಶವಾಣಿ ಎಫ್‌ಎಂ 100.6ರಲ್ಲಿ ಸಿಗುತ್ತದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯ ಅದು. ಟವರ್ ಬಿದ್ದರೂ, ನೆಟ್ ಹೋದರೂ, ಕೆಆರ್‌ಎಸ್‌ನಿಂದ ನೀರು ಬಿಟ್ಟ ಸುದ್ದಿ ನಿಮಗೆ ತಲುಪುತ್ತದೆ.

ಹಂತ 3: ಮೋಡ ಕಟ್ಟಿದಾಗ

ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲೆಗೆ ಎಚ್ಚರಿಕೆ ಕೊಡುತ್ತದೆ. ಆದರೆ ಬೇಸಿಗೆಯ ಗುಡುಗು ಮಳೆ ಜಿಲ್ಲೆ ನೋಡಿ ಬರುವುದಿಲ್ಲ. ಪಾಂಡವಪುರದಲ್ಲಿ ಆಲಿಕಲ್ಲು ಸುರಿಯುವಾಗ ಶ್ರೀರಂಗಪಟ್ಟಣದಲ್ಲಿ ಬಿಸಿಲು ಇರುತ್ತದೆ. ಹಾಗಾಗಿ ಊರಿನ ಮಟ್ಟಕ್ಕೆ ಹೇಳುವ ಸಾಧನ ಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಎರಡೂ ನೀವಿರುವ ಜಾಗದ ಸುತ್ತ ಸಿಡಿಲು ಬೀಳುತ್ತಿದೆಯಾ ಎಂದು ತೋರಿಸುತ್ತವೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಅದೇ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ ತಮ್ಮ ಹೋಬಳಿಯ ಮಳೆ ವಿಚಾರ ಕೇಳಬಹುದು.

ಯಾವುದೂ ಇಲ್ಲದಿದ್ದರೆ ಎಣಿಸಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡೋ ಅದನ್ನು ಮೂರರಿಂದ ಭಾಗಿಸಿದರೆ ಅಷ್ಟು ಕಿಲೋಮೀಟರ್ ದೂರದಲ್ಲಿ ಸಿಡಿಲು ಬಿದ್ದಿದೆ ಎಂದರ್ಥ. 30 ಸೆಕೆಂಡಿಗಿಂತ ಕಡಿಮೆ ಇದ್ದರೆ, ಅಂದರೆ 10 ಕಿಲೋಮೀಟರಿನೊಳಗೆ, ಹೊಲ ಬಿಡಿ. 'ಇದೊಂದು ಸಾಲು ನಾಟಿ ಮುಗಿಸಿ ಹೋಗೋಣ' ಅನ್ನುವ ಮಾತೇ ಬೇಡ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಇಳಿಯಬೇಡಿ. ಮಳೆ ನಿಂತಿದ್ದರೂ ಅಷ್ಟೇ.

ಎಲ್ಲಿಗೆ ಹೋಗಬೇಕು? ಗಟ್ಟಿ ಮನೆ, ಶಾಲೆ, ಬಾಗಿಲು ಮುಚ್ಚಿದ ಕಾರು, ಬಸ್ಸು. ಟ್ರ್ಯಾಕ್ಟರು, ಬೈಕು ರಕ್ಷಣೆ ಕೊಡುವುದಿಲ್ಲ. ಹುಣಸೆ, ತೆಂಗು, ಆಲದ ಮರದ ಬುಡ ಅತಿ ಕೆಟ್ಟ ಜಾಗ. ಕುರಿ ಮೇಯಿಸುವವರು ಕುರಿ ಸಮೇತ ಸತ್ತ ಸುದ್ದಿ ಪ್ರತಿ ಬೇಸಿಗೆ ಪೇಪರಿನಲ್ಲಿ ಬರುತ್ತದಲ್ಲ, ಬಹುಪಾಲು ಮರದ ಕೆಳಗೇ. ಪಂಪ್‌ಸೆಟ್ಟಿನ ಪುಟ್ಟ ಶೆಡ್ಡು, ಆಲೆಮನೆಯ ತೆರೆದ ಚಪ್ಪರ ಮಳೆಗೆ ಆದೀತು, ಸಿಡಿಲಿಗೆ ಆಗುವುದಿಲ್ಲ. ಬಯಲಲ್ಲಿ ಸಿಕ್ಕಿಬಿದ್ದರೆ ಗುಂಪಾಗಿ ನಿಲ್ಲದೆ ದೂರ ದೂರ ಹೋಗಿ, ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ. ಅದು ಕೊನೇ ಉಪಾಯ. ಅಷ್ಟರಲ್ಲಿ ಮನೆ ಸೇರಿರುವುದೇ ಸರಿ.

ಮನೆಯಲ್ಲಿ ಟಿವಿ, ಫ್ರಿಜ್, ವೈಫೈ ಪಿನ್ನುಗಳನ್ನು ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗುವಾಗ ಸ್ನಾನ ಬೇಡ. ಚಾರ್ಜಿಗೆ ಹಾಕಿದ ಫೋನಲ್ಲಿ ಮಾತು ಬೇಡ. ಚಾರ್ಜಿಂದ ತೆಗೆದ ಮೊಬೈಲು ಸಿಡಿಲನ್ನು ಎಳೆಯುತ್ತದೆ ಎಂಬುದು ಸುಮ್ನೆ ಹಬ್ಬಿರುವ ಮಾತು.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಲು ಹೆದರಬೇಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಣ್ಣಲ್ಲಿ ಹೂಳುವುದು, ಸಗಣಿ ಹಚ್ಚುವುದು ಮಾಡಿ ಸಮಯ ಕಳೆಯಬೇಡಿ.

ಹಂತ 4: ಕರೆಂಟ್ ಹೋಯಿತು, ಎಲ್ಲಿ ಹೋಗಿದೆ?

'ಕರೆಂಟಿಲ್ಲ' ಎಂದಷ್ಟೇ ಹೇಳಿದರೆ ಲೈನ್‌ಮ್ಯಾನಿಗೆ ಏನೂ ಗೊತ್ತಾಗುವುದಿಲ್ಲ. ಎರಡು ನಿಮಿಷ ಸುತ್ತ ನೋಡಿ ಹೇಳಿದರೆ ಅವರ ಹುಡುಕಾಟ ಅರ್ಧ ತಪ್ಪುತ್ತದೆ.

ನಿಮ್ಮ ಮನೆಯಲ್ಲಿ ಮಾತ್ರ ಇಲ್ಲ, ಪಕ್ಕದ ಮನೆಯಲ್ಲಿ ಇದೆ ಎಂದರೆ ನಿಮ್ಮ ಎಂಸಿಬಿ, ಫ್ಯೂಸು ಅಥವಾ ಸರ್ವಿಸ್ ವೈರ್. ಒಂದು ಸಾಲು ಇದೆ, ಇನ್ನೊಂದು ಸಾಲು ಇಲ್ಲ ಎಂದರೆ ಒಂದು ಫೇಸ್ ಹೋಗಿದೆ, ಟಿಸಿ ಫ್ಯೂಸೋ ಜಂಪ್ (ಕಂಬದ ಮೇಲೆ ಲೈನು ಜೋಡಿಸುವ ತುಂಡು ತಂತಿ) ಕಟ್ಟೋ ಇರಬಹುದು. ಇಡೀ ಊರಿಗೆ ಇಲ್ಲ, ಮಾಳಿಗೆ ಹತ್ತಿ ನೋಡಿದರೆ ಪಕ್ಕದ ಊರಿನ ದೀಪ ಕಾಣುತ್ತಿದೆ ಎಂದರೆ ನಿಮ್ಮ ಟಿಸಿ ಅಥವಾ ನಿಮ್ಮೂರಿಗೆ ಕವಲೊಡೆದ ಲೈನು. ಸುತ್ತ ಎಲ್ಲೂ ದೀಪ ಕಾಣದಿದ್ದರೆ ಫೀಡರೋ ಸಬ್ ಸ್ಟೇಷನ್ನೋ ಹೋಗಿದೆ. ಅದು ಅವರಿಗೆ ಆಗಲೇ ಗೊತ್ತಿರುತ್ತದೆ.

ದೂರು 1912ಕ್ಕೆ. ಆರ್‌ಆರ್ ನಂಬರ್, ಅಂದರೆ ನಿಮ್ಮ ಸಂಪರ್ಕದ ನಂಬರ್, ಬಿಲ್ಲಿನ ಮೇಲಿದೆ, ಅದನ್ನು ಮೀಟರ್ ಬೋರ್ಡಿನ ಮೇಲೇ ಬರೆದಿಡಿ. ಕಂಬ ಮುರಿದಿದ್ದರೆ ಹತ್ತಿರದ ಗುರುತು ಹೇಳಿ: ಯಾರ ತೋಟದ ಪಕ್ಕ, ಯಾವ ಟಿಸಿ, ಕಂಬದ ಮೇಲೆ ಬರೆದ ನಂಬರ್. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಊರಲ್ಲಿ ಐವತ್ತು ಜನ ಒಬ್ಬ ಲೈನ್‌ಮ್ಯಾನಿಗೇ ಫೋನ್ ಮಾಡಿದರೆ ಅವರು ಕಂಬದ ಮೇಲಿರುವಾಗ ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿರುತ್ತದೆ. ಬೀದಿಗೊಬ್ಬರು ಮಾತಾಡಿದರೆ ಸಾಕು.

ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ನಿಯಮದ ಪ್ರಕಾರ ಹಳ್ಳಿಗಳಲ್ಲಿ ಫ್ಯೂಸ್ ದೂರು 24 ಗಂಟೆಯೊಳಗೆ, ಸುಟ್ಟ ಟಿಸಿ ಬದಲಾವಣೆ 72 ಗಂಟೆಯೊಳಗೆ ಆಗಬೇಕು. ದೊಡ್ಡ ಗಾಳಿ ಬೀಸಿ ನೂರಾರು ಕಂಬ ಬಿದ್ದಾಗ ಈ ಗಡುವು ಹಿಡಿದು ಜಗಳ ಆಡುವುದರಲ್ಲಿ ಅರ್ಥವಿಲ್ಲ. ಒಂದೇ ಟಿಸಿ ಸುಟ್ಟು ವಾರವಾದರೂ ಯಾರೂ ಬಂದಿಲ್ಲ ಎಂದರೆ ಖಂಡಿತ ಕೇಳಿ.

ಊರಲ್ಲಿ ಡಿಓ (ಟಿಸಿಯ ಡ್ರಾಪ್ ಔಟ್ ಫ್ಯೂಸ್) ಹಾಕಬಲ್ಲ 'ಧೈರ್ಯವಂತ' ಒಬ್ಬ ಇರುತ್ತಾನೆ. ಒಣ ಬಿದಿರು ಹಿಡಿದು ಟಿಸಿ ಹತ್ತಿರ ಹೋಗುತ್ತಾನೆ. ಜನ ಹುರಿದುಂಬಿಸುತ್ತಾರೆ. ದಯವಿಟ್ಟು ತಡೆಯಿರಿ. ಮಳೆಯಲ್ಲಿ ನೆನೆದ ಬಿದಿರು 11 ಕೆವಿಗೆ ಏನೇನೂ ತಡೆಯಲ್ಲ.

ಹಂತ 5: ತಂತಿ ಬಿದ್ದಿದ್ದರೆ

ಈ ಹಂತವನ್ನು ಮನೆಯ ಮಕ್ಕಳಿಗೂ ಓದಿ ಹೇಳಿ.

ಮನೆಯಲ್ಲಿ ಕರೆಂಟಿಲ್ಲ, ಹಾಗಾಗಿ ಗದ್ದೆಯಲ್ಲಿ ಬಿದ್ದಿರುವ ತಂತಿಯಲ್ಲೂ ಇಲ್ಲ ಎಂಬ ಲೆಕ್ಕವೇ ನಮ್ಮ ಕಡೆ ಜನರನ್ನು ಕೊಲ್ಲುತ್ತಿರುವುದು. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಮನೆಗಳ ಫೀಡರ್ ಬೇರೆ, ಐಪಿ ಸೆಟ್ಟುಗಳ (ನೀರಾವರಿ ಪಂಪ್‌ಸೆಟ್) ಫೀಡರ್ ಬೇರೆ. ಮನೆ ದೀಪ ಆರಿದ್ದಾಗ ಗದ್ದೆ ಲೈನು ಜೀವಂತ ಇರಬಹುದು. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂದು ನಮಗೆ ಬಾಯಿಪಾಠ. ಉಳಿದ ಹೊತ್ತಲ್ಲಿ ಆ ಲೈನು ಸತ್ತಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಇನ್ನೊಂದು ವಿಷಯ: ಟ್ರಿಪ್ ಆದ ಲೈನನ್ನು ಸಬ್ ಸ್ಟೇಷನ್ನಿನಲ್ಲಿ ಪರೀಕ್ಷೆಗೆ ಮತ್ತೆ ಆನ್ ಮಾಡಿ ನೋಡುತ್ತಾರೆ. ಐದು ನಿಮಿಷದ ಹಿಂದೆ ತಣ್ಣಗಿದ್ದ ತಂತಿ ಈಗ ಹಾಗಿಲ್ಲದಿರಬಹುದು. ಕಿಡಿ ಹಾರಬೇಕು, ಸದ್ದು ಬರಬೇಕು ಎಂದೇನೂ ಇಲ್ಲ.

ನೆಲಕ್ಕೆ ಬಿದ್ದ ತಂತಿಯಿಂದ ಕರೆಂಟ್ ಮಣ್ಣಿನಲ್ಲಿ ಸುತ್ತಲೂ ಹರಡುತ್ತದೆ. ಹತ್ತಿರದಲ್ಲಿ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಕಡಿಮೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟಾಗ ಎರಡು ಪಾದಗಳ ನಡುವಿನ ಆ ವ್ಯತ್ಯಾಸವೇ ಮೈಯೊಳಗೆ ಹರಿಯುತ್ತದೆ. ತಂತಿ ಮುಟ್ಟದೆಯೂ ಸಾಯುವುದು ಹೀಗೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ದೂರ ಜಾಸ್ತಿ, ಅದಕ್ಕೇ ದನಗಳು ಮೊದಲು ಸಾಯುತ್ತವೆ. ದನ ಬಿದ್ದದ್ದು ನೋಡಿ ಬಿಡಿಸಲು ಓಡಿದವರು ಆಮೇಲೆ ಸಾಯುತ್ತಾರೆ.

ಮಾಡಬೇಕಾದ್ದು:

1. ಕಡೇ ಪಕ್ಷ 10 ಮೀಟರ್ ದೂರ ನಿಲ್ಲಿ. ನೀರು ನಿಂತ ಗದ್ದೆಯಾದರೆ ಇನ್ನೂ ದೂರ, ಬದು ದಾಟಿ ಆಚೆಗೆ.
2. ಆಗಲೇ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಪಾದ ಜೋಡಿಸಿ, ನೆಲದಿಂದ ಎತ್ತದೆ, ಇಂಚಿಂಚು ಜರುಗುತ್ತಾ ಬಂದ ದಾರಿಯಲ್ಲೇ ಹಿಂದೆ ಬನ್ನಿ.
3. ದಾರಿಯ ಎರಡೂ ಕಡೆ ಒಬ್ಬೊಬ್ಬರು ನಿಂತು ಜನ, ದನ, ಬೈಕು ತಡೆಯಿರಿ. ಕತ್ತಲಾಗಿದ್ದರೆ ಟಾರ್ಚ್ ಬೀಸುತ್ತಿರಿ. ಇದು ಬೇಸರದ ಕೆಲಸ. ಆದರೂ ಲೈನ್‌ಮ್ಯಾನ್ ಬರುವವರೆಗೆ ಬಿಟ್ಟು ಹೋಗಬೇಡಿ.
4. 1912ಕ್ಕೆ ಫೋನ್ ಮಾಡಿ 'ತಂತಿ ನೆಲಕ್ಕೆ ಬಿದ್ದಿದೆ' ಎಂಬ ಮಾತನ್ನೇ ಮೊದಲು ಹೇಳಿ. ಸಿಗದಿದ್ದರೆ 112.
5. ಕೋಲಿನಿಂದ, ಕಟ್ಟಿಗೆಯಿಂದ ತಂತಿ ಸರಿಸಬೇಡಿ.

ತಂತಿ ವಾಹನದ ಮೇಲೆ ಬಿದ್ದರೆ ಒಳಗೇ ಕೂತಿರಿ. ಬೆಂಕಿ ಹತ್ತಿದರೆ ಮಾತ್ರ, ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಹೊರಕ್ಕೆ ಜಿಗಿಯಿರಿ.

ಮನೆಯೊಳಗೆ ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಮೊದಲು ಮೇನ್ ಆಫ್ ಮಾಡಿ. ಆಮೇಲೆ ಮುಟ್ಟಿ.

ಎಚ್.ಡಿ. ಕೋಟೆ, ನಂಜನಗೂಡಿನ ಕಾಡಂಚಿನವರಿಗೆ ಇನ್ನೊಂದು ಮಾತು. ಹಂದಿಗೆಂದು ಬೇಲಿಗೆ ಮನೆ ಕರೆಂಟ್ ಕೊಡುವುದು ಅಪರಾಧ. ಗಾಳಿ ಮಳೆಯಲ್ಲಿ ಆ ಬೇಲಿ ಎಲ್ಲಿಗೆ ಬಿದ್ದಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಹಂತ 6: ಒಂದು ರಾತ್ರಿ, ಎರಡು ರಾತ್ರಿ ಕಳೆಯುವುದು

ನೀರೇ ಮೊದಲ ಚಿಂತೆ. ಕರೆಂಟಿಲ್ಲದಿದ್ದರೆ ಬೋರ್‌ವೆಲ್ ಓಡುವುದಿಲ್ಲ, ಓವರ್‌ಹೆಡ್ ಟ್ಯಾಂಕ್ ತುಂಬುವುದಿಲ್ಲ, ಶುದ್ಧ ನೀರಿನ ಘಟಕವೂ ನಿಲ್ಲುತ್ತದೆ. ಮೋಡ ಕಂಡ ದಿನ ಒಂದು ಕ್ಯಾನ್ ಕುಡಿಯುವ ನೀರು, ಎರಡು ಡ್ರಮ್ ಬಳಕೆ ನೀರು ತುಂಬಿಡಿ. ದನಗಳನ್ನು ಲೆಕ್ಕದಲ್ಲಿ ಮರೆಯಬೇಡಿ. ಕರೆಯುವ ಒಂದು ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ ಐದಾರು ಬಿಂದಿಗೆ ನೀರು ಸಲೀಸಾಗಿ ಕುಡಿಯುತ್ತದೆ.

ಹಾಲಿನದು ಇನ್ನೊಂದು ತಲೆಬಿಸಿ. ಡೈರಿಯಲ್ಲಿ ಬಲ್ಕ್ ಕೂಲರ್ ಇದ್ದು ಜನರೇಟರ್ ಇದ್ದರೆ ಸರಿ. ಇಲ್ಲದಿದ್ದರೆ ಸಂಜೆ ಹಾಲು ತೆಗೆದುಕೊಳ್ಳುತ್ತಾರಾ ಎಂದು ಕಾರ್ಯದರ್ಶಿಯನ್ನು ಕೇಳಿಯೇ ಕರೆಯಿರಿ. ಉಳಿದ ಹಾಲನ್ನು ಕೂಡಲೇ ಕಾಯಿಸಿ, ತಣ್ಣೀರಿನ ಬೋಗುಣಿಯಲ್ಲಿ ಪಾತ್ರೆ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ಜಾಸ್ತಿ ಇದ್ದರೆ ಹೆಪ್ಪು ಹಾಕುವುದೇ ವಾಸಿ. ಫ್ರಿಜ್ ಬಾಗಿಲು ತೆರೆಯದೇ ಇದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ. ಆಮೇಲೆ ಮೀನು, ಮಾಂಸ, ಹಳೇ ಸಾರು ನಂಬಬೇಡಿ.

ಅಡುಗೆಗೆ ನಮ್ಮ ಕಡೆಯವರು ಪುಣ್ಯವಂತರು. ಮುದ್ದೆಗೆ ಕರೆಂಟ್ ಬೇಡ. ಮಿಕ್ಸಿ ಇಲ್ಲದೆ ಕೈಕಟ್ಟುವುದು ಖಾರಕ್ಕೆ. ಒರಳುಕಲ್ಲು ಹಿತ್ತಲಿಗೆ ಸೇರಿದ್ದರೆ ಉಪ್ಸಾರಿನ ಖಾರ ಮೊದಲೇ ಅರೆದಿಟ್ಟುಕೊಳ್ಳಿ, ಸೊಪ್ಪು ಕಾಳು ಬೇಯಿಸಿದರೆ ಊಟ ಆಯಿತು.

ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಗಾಬರಿ ಬೇಡ. ಬಳಸುತ್ತಿರುವ ಸೀಸೆ ಸಾಮಾನ್ಯವಾಗಿ ನಾಲ್ಕು ವಾರ 30 ಡಿಗ್ರಿಯೊಳಗೆ ಹೊರಗೇ ಇರಬಹುದು, ನಿಮ್ಮ ಔಷಧಿಯ ಚೀಟಿಯಲ್ಲಿ ಬರೆದಿರುವುದನ್ನು ಒಮ್ಮೆ ನೋಡಿ. ಬೇಸಿಗೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಅದರೊಳಗೆ ಡಬ್ಬಿಯಲ್ಲಿ ಹಾಕಿ ಇಡಿ. ಆಕ್ಸಿಜನ್ ಮಿಷನ್ ಮೇಲೆ ಇರುವವರದ್ದು ಬೇರೆ ಮಾತು. ತುಂಬಿದ ಸಿಲಿಂಡರ್ ಮನೆಯಲ್ಲಿರಬೇಕು, ಇಲ್ಲದಿದ್ದರೆ ಮೋಡ ಕಂಡಾಗಲೇ ತಾಲ್ಲೂಕು ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಹೋಗಿಬಿಡುವುದು ಒಳ್ಳೇದು.

ಕತ್ತಲಲ್ಲಿ ಕೊಟ್ಟಿಗೆಗೆ ಟಾರ್ಚಿಲ್ಲದೆ ಹೋಗಬೇಡಿ. ಮಳೆ ನೀರು ಬಿಲಕ್ಕೆ ನುಗ್ಗಿದಾಗ ಹಾವು ಹೊರಬರುತ್ತವೆ. ಕಚ್ಚಿದರೆ ಕಟ್ಟು ಕಟ್ಟುವುದು, ಕುಯ್ಯುವುದು ಬೇಡ. ಕಾಲು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆ, ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ.

ಹಂತ 7: ನದಿ ಪಕ್ಕದ ಊರಾದರೆ

ಜುಲೈ–ಆಗಸ್ಟ್‌ನ ಪ್ರವಾಹಕ್ಕೂ ನಮ್ಮೂರ ಮಳೆಗೂ ಸಂಬಂಧವಿಲ್ಲ. ಕೊಡಗಿನಲ್ಲಿ ಸುರಿದದ್ದು ಕೆಆರ್‌ಎಸ್‌ಗೆ, ವಯನಾಡಿನಲ್ಲಿ ಸುರಿದದ್ದು ಕಬಿನಿಗೆ. ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ, ಕಬಿನಿಯದು ಸಮುದ್ರ ಮಟ್ಟದಿಂದ 2,284 ಅಡಿ. ಮಟ್ಟ ಇದರ ಹತ್ತಿರ ಬಂದು ಒಳಹರಿವು ಏರುತ್ತಿದ್ದರೆ, ನಿಮ್ಮ ಊರಲ್ಲಿ ಬಿಸಿಲಿದ್ದರೂ ನೀರು ಬರುತ್ತದೆ. 2019ರ ಆಗಸ್ಟ್‌ನಲ್ಲಿ ನಂಜನಗೂಡಿನವರು ಅದನ್ನು ಕಂಡಿದ್ದಾರೆ.

ನದಿ ದಂಡೆಯ ಮೋಟಾರು, ಸ್ಟಾರ್ಟರುಗಳನ್ನು ಎಚ್ಚರಿಕೆ ಬಂದ ದಿನವೇ, ಮೇನ್ ಇಳಿಸಿ, ಮೇಲಕ್ಕೆ ತನ್ನಿ. ನೀರು ಏರಿದ ಮೇಲೆ ತರಲು ಹೋಗಬೇಡಿ. ಮನೆಗೆ ನೀರು ನುಗ್ಗುವ ಮುಂಚೆ ಮೇನ್ ಆಫ್ ಮಾಡಿ. ನೀರಲ್ಲಿ ನಿಂತು ಸ್ವಿಚ್ ಮುಟ್ಟುವ ಪರಿಸ್ಥಿತಿ ಬಂದಿದ್ದರೆ ಮುಟ್ಟದೇ ಹೊರಡಿ. ರಾತ್ರಿ ಮಳೆಯಲ್ಲಿ ವಿಸಿ (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಗಾಡಿ ಓಡಿಸಬೇಡಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077. ನೀರು ಇಳಿದ ಮೇಲೆ ಕುಡಿಯುವ ನೀರು ಚೆನ್ನಾಗಿ ಕುದಿಸಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಆನ್ ಮಾಡಬೇಡಿ.

ಹಂತ 8: ಕರೆಂಟ್ ಬಂದಾಗ

ಬೀದಿಯಲ್ಲಿ 'ಬಂತು' ಎಂದು ಕೂಗಿದ ತಕ್ಷಣ ಎಲ್ಲ ಸ್ವಿಚ್ಚೂ ಹಾಕಬೇಡಿ. ಒಂದು ಬಲ್ಬು ಮಾತ್ರ ಹಾಕಿ ಹತ್ತು ನಿಮಿಷ ನೋಡಿ. ಬಲ್ಬು ಕಣ್ಣು ಕುಕ್ಕುವಷ್ಟು ಉರಿಯುತ್ತಿದೆಯೇ, ಫ್ಯಾನ್ ಎಂದಿಲ್ಲದ ವೇಗದಲ್ಲಿ ತಿರುಗುತ್ತಿದೆಯೇ? ಕೂಡಲೇ ಮೇನ್ ಆಫ್. ಗಾಳಿಗೆ ನ್ಯೂಟ್ರಲ್ ತಂತಿ ತುಂಡಾಗಿರಬಹುದು. ಆಗ 230 ವೋಲ್ಟ್ ಬರುವ ಮನೆಗೆ 400ರ ಹತ್ತಿರ ಬರುತ್ತದೆ, ಇನ್ನೊಂದು ಮನೆಯಲ್ಲಿ ದೀಪ ಮಿಣುಕುತ್ತದೆ. ಒಂದೇ ರಾತ್ರಿ ಬೀದಿಯ ಟಿವಿಗಳೆಲ್ಲ ಸುಟ್ಟುಹೋಗುವುದು ಹೀಗೆ. ಅಕ್ಕಪಕ್ಕದವರಿಗೂ ಕೂಗಿ ಹೇಳಿ, ದೂರು ಕೊಡಿ.

ಗದ್ದೆಯ ಮೋಟಾರಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಆಟೋ ಸ್ಟಾರ್ಟರ್ ಹಾಕಿದವರು ಮೋಡ ಕಟ್ಟಿದಾಗಲೇ ಅದನ್ನು ಆಫ್ ಮಾಡಿ ಬನ್ನಿ. ಮಳೆ ಆದ ಮೇಲೆ ಮೂರರಲ್ಲಿ ಒಂದು ಫೇಸ್ ಬಾರದೆ ಇರುವುದು ಸಾಮಾನ್ಯ. ಎರಡೇ ಫೇಸಿನಲ್ಲಿ ಮೋಟಾರ್ ಗುಂಯ್ ಎಂದು ಒದ್ದಾಡುತ್ತದೆ, ಜಾಸ್ತಿ ಕರೆಂಟ್ ಎಳೆದು ವೈಂಡಿಂಗ್ ಸುಡುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದರೆ ಅದೇ ತಡೆಯುತ್ತದೆ. ರೀವೈಂಡಿಂಗ್ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ಸ್ಟಾರ್ಟರ್ ಪೆಟ್ಟಿಗೆ ಕಬ್ಬಿಣದ್ದಾಗಿದ್ದು ಮಳೆಗೆ ನೆನೆದಿದ್ದರೆ ಬರಿಗಾಲಲ್ಲಿ ಹೋಗಿ ಮುಟ್ಟಬೇಡಿ. ಒಣಗಲು ಬಿಡಿ. ಒಂದು ದಿನ ನೀರು ಹಾಯಿಸದಿದ್ದರೆ ಪೈರು ಒಣಗುವುದಿಲ್ಲ, ಮಳೆಯಂತೂ ಬಂದಿದೆಯಲ್ಲ.

ಹಂತ 9: ನಷ್ಟದ ಪರಿಹಾರ

ಬಿದ್ದ ಗೋಡೆ, ಹಾರಿದ ಶೀಟು, ಮಲಗಿದ ಬಾಳೆ ಎಲ್ಲವನ್ನೂ ತೆಗೆಯುವ ಮುಂಚೆ ಫೋಟೋ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿಗೆ ಅಂದೇ ತಿಳಿಸಿ, ನಾಡಕಚೇರಿಗೆ ಅರ್ಜಿ ಕೊಡಿ. ಪಹಣಿ, ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ರೈತರಾದರೆ ಎಫ್‌ಐಡಿ (ರೈತರ ಗುರುತಿನ) ನಂಬರ್ ಸಿದ್ಧವಿರಲಿ.

2022–23ರಿಂದ 2025–26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರದ ಮಾನದಂಡದಲ್ಲಿ ಹಸು, ಎಮ್ಮೆ ಸತ್ತರೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಮೇಕೆಗೆ 4,000. ಮನುಷ್ಯರ ಜೀವಹಾನಿಗೆ 4 ಲಕ್ಷ. ಬೆಳೆ 33 ಶೇಕಡಾ ಅಥವಾ ಹೆಚ್ಚು ಹಾಳಾಗಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ತೆಂಗು ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸಿ ಕೊಟ್ಟ ವರ್ಷಗಳೂ ಇವೆ.

ಹಸು ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಲೇಬೇಕು. ಪಶು ಸಹಾಯವಾಣಿ 1962. ಮನುಷ್ಯರು ಸಿಡಿಲಿಗೆ ಸತ್ತಾಗಲೂ 'ದೇವರ ಇಚ್ಛೆ' ಎಂದು ಸಂಜೆಯೇ ಮಣ್ಣು ಮಾಡಿದರೆ ಆಮೇಲೆ ಕಾಗದವೇ ಹುಟ್ಟುವುದಿಲ್ಲ. ದುಃಖದ ಹೊತ್ತಲ್ಲಿ ಇದನ್ನು ಮನೆಯವರು ಹೇಳಲಾರರು, ನೆರೆಯವರೇ ನಿಂತು ಪೊಲೀಸರಿಗೆ ತಿಳಿಸಿ ಮಾಡಿಸಬೇಕು.

ಬಿದ್ದ ತಂತಿ ತಗುಲಿ ಸಾವಾದರೆ ದಾರಿ ಬೇರೆ. ಪೊಲೀಸ್ ದೂರು, ವಿದ್ಯುತ್ ಪರಿವೀಕ್ಷಣಾಲಯದ ತನಿಖೆ, ಆಮೇಲೆ ವಿದ್ಯುತ್ ಕಂಪನಿಯಿಂದ ಪರಿಹಾರ. ಪರಿವೀಕ್ಷಕರು ಬರುವವರೆಗೆ ಸ್ಥಳ ಇದ್ದಂತೇ ಇರಲಿ, ಕೊನೇ ಪಕ್ಷ ಫೋಟೋ ವಿಡಿಯೋ ಇರಲಿ. ಹಿಂದೆ 1912ಕ್ಕೆ ಕೊಟ್ಟ ದೂರಿನ ನಂಬರ್, ಮರ ಕಡಿಯಿರಿ ಎಂದು ಮಾರ್ಚ್‌ನಲ್ಲಿ ಕೊಟ್ಟ ಅರ್ಜಿಯ ಸ್ವೀಕೃತಿ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ಬೆಳೆ ವಿಮೆ ಕಟ್ಟಿದ್ದವರಿಗೆ ಸಮಯ ಇನ್ನೂ ಕಡಿಮೆ. ಆಲಿಕಲ್ಲು ಬಿದ್ದು ಅಥವಾ ನೀರು ನಿಂತು ಬೆಳೆ ಹೋದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ, ಕೃಷಿ ಇಲಾಖೆಗೆ ಅಥವಾ 14447ಕ್ಕೆ ತಿಳಿಸಿರಬೇಕು. ಕರೆಂಟಿಲ್ಲ, ಫೋನ್ ಸತ್ತಿದೆ ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಬೈಕಿನಲ್ಲಿ ಹೋಗಿ ಕೈಬರಹದ ಅರ್ಜಿ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.